ಮಂಡಿಗೆ ಬೇಕಿರುವುದು ಹದವಾದ ಭಾರ

ಮಂಡಿನೋವು ಇದ್ದವರೂ ನಡೆಯಬೇಕು, ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದನ್ನು ರೂಢಿಸಿಕೊಳ್ಳಬೇಕು ಎಂದು ಹೇಳಿದಾಗಲೆಲ್ಲ ನನಗೆ ಎದುರಾಗುವ ಆಕ್ಷೇಪಗಳು ಹೆಚ್ಚುಕಡಿಮೆ ಅವೇ ಐದು. ಫಿಸಿಯೋಥೆರಪಿಯಲ್ಲಿ ಇಷ್ಟು ವರ್ಷ ಕಳೆದ ಮೇಲೆ ಅವು ನನಗೆ ಬಾಯಿಪಾಠ. ಆಕ್ಷೇಪಿಸುವವರ ಕಾಳಜಿಯ ಬಗ್ಗೆ ಅನುಮಾನವಿಲ್ಲ. ಆದರೆ ಆ ಕಾಳಜಿಯೇ ಎಷ್ಟೋ ಹಿರಿಯರನ್ನು ಮಂಚ ಹಿಡಿಸಿದ್ದನ್ನು ಕಂಡಿದ್ದೇನೆ. ಅದಕ್ಕೇ ಈ ಉತ್ತರ.

1. "ಮಂಡಿ ಗಾಡಿಯ ಟೈರ್ ಇದ್ದಂತೆ, ಓಡಿಸಿದಷ್ಟೂ ಸವೆಯುತ್ತದೆ."

ಟೈರಿಗೆ ಜೀವವಿಲ್ಲ, ಮೂಳೆಯ ತುದಿಯನ್ನು ಹೊದ್ದಿರುವ ಕಾರ್ಟಿಲೇಜಿಗೆ ಇದೆ. ಮಾಂಸದಂಗಡಿಯಲ್ಲಿ ಕುರಿಯ ಕಾಲಿನ ಕೀಲು ಬಿಡಿಸುವಾಗ ಮೂಳೆಯ ತುದಿಯನ್ನು ಗಮನಿಸಿ. ತುಸು ನೀಲಿ ಬೆರೆತ ಬಿಳುಪು, ಬೆರಳಿಟ್ಟರೆ ಜಾರುವ ನುಣುಪು. ನಮ್ಮ ಮಂಡಿಯಲ್ಲೂ ಅಂಥದೇ ಪದರವಿದೆ, ಕೆಲವೇ ಮಿಲಿಮೀಟರ್ ದಪ್ಪ. ಅದರ ತೂಕದಲ್ಲಿ ಶೇ. 65ರಿಂದ 80ರಷ್ಟು ನೀರು. ರಕ್ತನಾಳ ಒಂದೂ ಇಲ್ಲ. ಹಾಗಾದರೆ ಅದರೊಳಗಿನ ಜೀವಕೋಶಗಳಿಗೆ ಆಹಾರ ಎಲ್ಲಿಂದ? ಮುಖ್ಯವಾಗಿ ಕೀಲಿನ ದ್ರವದಿಂದ. ಹೆಜ್ಜೆ ಊರಿದಾಗ ಪದರ ಅದುಮಿದಂತಾಗಿ ನೀರು ಹೊರಬರುತ್ತದೆ, ಎತ್ತಿದಾಗ ಮತ್ತೆ ಒಳಸೇರುತ್ತದೆ. ಈ ಒತ್ತಡವನ್ನು ಗ್ರಹಿಸಿಯೇ ಜೀವಕೋಶಗಳು ನೀರನ್ನು ಹಿಡಿದಿಡುವ ಪ್ರೋಟಿಯೋಗ್ಲೈಕಾನ್ ಅನ್ನು ತಯಾರಿಸುತ್ತವೆ. 50 ಬಸ್ಕಿ ಹೊಡೆದವರ ಮಂಡಿಚಿಪ್ಪಿನ ಕಾರ್ಟಿಲೇಜು ಸುಮಾರು ಶೇ. 6ರಷ್ಟು ಕುಗ್ಗಿದ್ದನ್ನು ಎಂಆರ್‌ಐ ತೋರಿಸಿದೆ. ವಿರಾಮ ಕೊಟ್ಟರೆ ಅದು ಮೊದಲಿನ ಸ್ಥಿತಿಗೆ ಬರುತ್ತದೆ. ಇದು ಸವೆತವಲ್ಲ, ಅದರ ಉಸಿರಾಟ.

2. "ವಿಶ್ರಾಂತಿ ಕೊಟ್ಟರೆ ಇರುವಷ್ಟಾದರೂ ಉಳಿಯುತ್ತದೆ."

ಉಳಿಯುವುದಿಲ್ಲ. ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಸ್ವಾಧೀನ ಕಳೆದುಕೊಂಡವರ ಮಂಡಿಗೆ ಸಿಗುವಷ್ಟು ವಿಶ್ರಾಂತಿ ಇನ್ಯಾರಿಗೂ ಸಿಗದು. ಆದರೆ ಅವರ ಕಾರ್ಟಿಲೇಜು ಒಂದೆರಡು ವರ್ಷಗಳಲ್ಲೇ ತೆಳುವಾಗುತ್ತದೆ. ಪ್ರಯೋಗದಲ್ಲಿ ನಾಯಿಗಳ ಕಾಲಿಗೆ ಪ್ಲಾಸ್ಟರ್ ಹಾಕಿ ಕೆಲವು ವಾರ ಬಿಟ್ಟಾಗಲೂ ಪದರ ಸೊರಗಿತು.

3. "ಓಡುವವರ ಮಂಡಿ ಬೇಗ ಹಾಳಾಗುತ್ತದೆ."

2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಮಂಡಿ ಮತ್ತು ಸೊಂಟದ ಕೀಲುಸವೆತದ ಲೆಕ್ಕ ತೆಗೆದರು. ಆರೋಗ್ಯಕ್ಕಾಗಿ, ಖುಷಿಗಾಗಿ ಓಡುವವರಲ್ಲಿ ಶೇ. 3.5. ಓಡದೆ ಕೂತೇ ಇರುವವರಲ್ಲಿ ಶೇ. 10.2. ಸ್ಪರ್ಧಾತ್ಮಕ ಓಟಗಾರರಲ್ಲಿ ಶೇ. 13.3. ಮಂಡಿ ಗಟ್ಟಿ ಇದ್ದವರೇ ಓಟ ಮುಂದುವರಿಸುತ್ತಾರೆ ಎಂಬ ಮಾತಿನಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೆ ಓಟವೇ ವಿಷವಾಗಿದ್ದರೆ ಕೂತವರ ಸಂಖ್ಯೆ ಎಲ್ಲಕ್ಕಿಂತ ಕಡಿಮೆ ಇರಬೇಕಿತ್ತು. ಇಲ್ಲಿ ಎರಡು ತುದಿಗಳೂ ಕೆಟ್ಟಿವೆ, ನಡುವಿನದು ಚೆನ್ನಾಗಿದೆ.

4. "ಭಾರ ಒಳ್ಳೆಯದಾದರೆ ದಪ್ಪಗಿರುವವರಿಗೆ, ಕುಕ್ಕರಗಾಲಲ್ಲಿ ಕೂತು ದುಡಿಯುವವರಿಗೆ ಮಂಡಿನೋವು ಏಕೆ?"

ಇದು ತೂಕವುಳ್ಳ ಪ್ರಶ್ನೆ. ಭಾರವೆಲ್ಲ ಒಂದೇ ಅಲ್ಲ. 1960ರಲ್ಲಿ ಕೆನಡಾದ ರಾಬರ್ಟ್ ಸಾಲ್ಟರ್ ಮತ್ತು ಅವರ ಸಹೋದ್ಯೋಗಿ, ಬಿಡುವಿಲ್ಲದೆ ಒಂದೇ ಸಮನೆ ಒತ್ತಿದರೆ ಜೀವಂತ ಕಾರ್ಟಿಲೇಜು ಸಾಯುತ್ತದೆ ಎಂದು ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದರು. ಒತ್ತಡದಷ್ಟೇ ಬಿಡುವೂ ಮುಖ್ಯ ಎಂದಾಯಿತು. ಬೀಜಿಂಗ್‌ನ ಹಿರಿಯರ ಅಧ್ಯಯನದಲ್ಲಿ, ಹರೆಯದಲ್ಲಿ ದಿನಕ್ಕೆ ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂತವರಿಗೆ ಮಂಡಿ ಸವೆತ ಹೆಚ್ಚಿತ್ತು. ದೇಹತೂಕದ ಮಾತೂ ನಿಜ. 2005ರ ಒಂದು ಅಧ್ಯಯನದ ಪ್ರಕಾರ ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ನಾಲ್ಕು ಕಿಲೋ ಹೊರೆ ಕಡಿಮೆ. ಆದರೆ ತೂಕ ಇಳಿಸಬೇಕೆಂದರೂ ಮಂಚದಿಂದ ಇಳಿಯಲೇಬೇಕಲ್ಲ!

5. "ಒಮ್ಮೆ ಹೋದ ಕಾರ್ಟಿಲೇಜು ಮತ್ತೆ ಬೆಳೆಯದು. ಇನ್ನೇಕೆ ಈ ಕಷ್ಟ?"

ಈ ಮಾತನ್ನು ಲಂಡನ್ನಿನ ವೈದ್ಯ ವಿಲಿಯಂ ಹಂಟರ್ 1743ರಲ್ಲೇ ಹೇಳಿದ್ದರು. ಪೂರ್ತಿ ಕಿತ್ತುಹೋದ ಪದರ ವ್ಯಾಯಾಮದಿಂದ ಬರುತ್ತದೆಂದು ನಾನೂ ಹೇಳುತ್ತಿಲ್ಲ. ನನ್ನ ಮಾತು ಉಳಿದಿರುವುದರ ಬಗ್ಗೆ. ಸ್ವೀಡನ್ನಿನಲ್ಲಿ ಮಂಡಿಯ ಮೆನಿಸ್ಕಸ್ ಎಂಬ ಮೆತ್ತೆಯ ಶಸ್ತ್ರಚಿಕಿತ್ಸೆಯಾಗಿದ್ದ 45 ಮಂದಿಯ ಮೇಲೆ ನಡೆದ ಪ್ರಯೋಗ 2005ರಲ್ಲಿ ಪ್ರಕಟವಾಯಿತು. ನಾಲ್ಕು ತಿಂಗಳು ಹದವಾದ ವ್ಯಾಯಾಮ ಮಾಡಿದವರ ಕಾರ್ಟಿಲೇಜಿನ ಗುಣ ಸುಧಾರಿಸಿತ್ತು. ವ್ಯಾಯಾಮದಿಂದ ಮಂಡಿನೋವು ಇಳಿಯುತ್ತದೆ ಎಂಬುದನ್ನು 2015ರ ಕೊಕ್ರೇನ್ ಸಂಸ್ಥೆಯ ಪರಾಮರ್ಶೆ ಹತ್ತಾರು ಪ್ರಯೋಗಗಳನ್ನು ತೂಗಿ ನೋಡಿಯೇ ಹೇಳಿದೆ.

ಹದ ಯಾವುದು ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು. ವ್ಯಾಯಾಮದ ಹೊತ್ತಿನಲ್ಲಿ ಸ್ವಲ್ಪ ನೋವಾಗಿ ಮರುದಿನದ ಹೊತ್ತಿಗೆ ಇಳಿದರೆ ಸರಿಯಾಗಿದೆ. ಇಳಿಯದಿದ್ದರೆ ಅರ್ಧಕ್ಕೆ ಇಳಿಸಿ. ಮಂಡಿ ಊದಿ ಬಿಸಿಯಾದರೆ, ಸಿಕ್ಕಿಹಾಕಿಕೊಂಡರೆ ವೈದ್ಯರಲ್ಲಿಗೆ ಹೋಗಿ.

ನನ್ನಲ್ಲಿಗೆ ಬರುತ್ತಿದ್ದ ಒಬ್ಬ ಅಜ್ಜಿ ಕಿಟಕಿಯ ಸರಳು ಹಿಡಿಯದೆ ಏಳುತ್ತಿರಲಿಲ್ಲ. ಕುರ್ಚಿಯ ಮೇಲೆ ಎರಡು ದಿಂಬಿಟ್ಟು, ಎತ್ತರ ಮಾಡಿ, ದಿನಕ್ಕೆ ಐದು ಸಲ ಏಳುವುದರಿಂದ ಶುರುಮಾಡಿದೆವು. ತಿಂಗಳಿಗೆ ಒಂದು ದಿಂಬು ಹೋಯಿತು, ಮತ್ತೆರಡು ತಿಂಗಳಿಗೆ ಇನ್ನೊಂದು. ಎಕ್ಸ್‌ರೇಯಲ್ಲಿ ವ್ಯತ್ಯಾಸವೇನೂ ಇರಲಿಲ್ಲ. ಆದರೆ ಅಜ್ಜಿ ಏಳಲು ಹೊರಟಾಗ ಕೈ ಹಿಡಿಯಲು ಓಡಿಬರುತ್ತಿದ್ದ ಮಗ, ಅರ್ಧ ದಾರಿಯಲ್ಲೇ ನಿಂತುಬಿಟ್ಟ. ಅಷ್ಟರಲ್ಲಿ ಅಜ್ಜಿ ಎದ್ದು ನಿಂತಿದ್ದರು.

ಮನೆಯ ಹಿರಿಯರು ಏಳುವಾಗ ನೀವೂ ಪಕ್ಕದಲ್ಲೇ ಇರಿ. ಕೈ ಕೊಡುವ ಮುನ್ನ ಒಂದು ಕ್ಷಣ ತಾಳಿ.