ಕೊಲೆಗಾರ ಗೊತ್ತಾದ ಮೇಲೂ

ಕೊಲೆಗಾರ ಯಾರೆಂದು ತಿಳಿದ ಮೇಲೆ ಪತ್ತೇದಾರಿ ಕಥೆಯನ್ನು ಮತ್ತೆ ಓದುವುದೇಕೆ? ಒಗಟು ಬಿಡಿಸಿದರೆ ಕೆಲಸ ಮುಗಿಯಿತು ಎನ್ನುವವರ ಕೈಗೆ ಶರದಿಂದು ಬಂದ್ಯೋಪಾಧ್ಯಾಯರ ಬ್ಯೋಮಕೇಶ್ ಬಕ್ಷಿ ಕಥೆಗಳನ್ನು ಕೊಡಬೇಕು. 1932ರಲ್ಲಿ ಶುರುವಾದ ಈ ಬಂಗಾಳಿ ಸರಣಿ ನಮ್ಮಲ್ಲಿ ಅನೇಕರ ಮನೆಗೆ ಬಂದದ್ದು ದೂರದರ್ಶನದ ಧಾರಾವಾಹಿಯಾಗಿ, 1993ರಲ್ಲಿ. ಅಲ್ಲಿ ನೆನಪಿನಲ್ಲಿ ಉಳಿದದ್ದು ಪತ್ತೇದಾರ ಬ್ಯೋಮಕೇಶನಾಗಿ ನಟಿಸಿದ ರಜಿತ್ ಕಪೂರ್. ಪುಸ್ತಕ ಹಿಡಿದರೆ ಕಲ್ಕತ್ತವೇ ಮುಂದೆ ಬಂದು ನಿಲ್ಲುತ್ತದೆ.

'ಪಥೇರ್ ಕಾಂಟಾ' ನೋಡಿ. ಪತ್ರಿಕೆಯಲ್ಲೊಂದು ಜಾಹೀರಾತು: ದಾರಿಯ ಮುಳ್ಳು ತೆಗೆಸಬೇಕೆನ್ನುವವರು ಶನಿವಾರ ಸಂಜೆ ಐದೂವರೆಗೆ ವೈಟ್‌ವೇ ಲೇಡ್ಲಾ ಅಂಗಡಿಯ ಮೂಲೆಯಲ್ಲಿ ದೀಪದ ಕಂಬಕ್ಕೆ ಕೈಯಿಟ್ಟು ನಿಲ್ಲಬೇಕು. ಚೌರಂಗಿಯಲ್ಲಿ ಆ ಅಂಗಡಿ ನಿಜವಾಗಿಯೂ ಇತ್ತು. ಇತ್ತ ರಸ್ತೆ ದಾಟುತ್ತಿದ್ದವರು ಒಬ್ಬೊಬ್ಬರಾಗಿ ಕುಸಿದು ಸಾಯುತ್ತಾರೆ. ಎದೆಯೊಳಗೆ ಗ್ರಾಮೊಫೋನ್ ಪಿನ್. ಹಾರಿಸಿದ್ದು ಸೈಕಲ್ ಬೆಲ್. (ಕೊನೆ ಹೇಳಿಬಿಟ್ಟೆನೆಂದು ಮುನಿಸಿಕೊಳ್ಳಬೇಡಿ, ನನ್ನ ವಾದವೇ ಅದು.) ಬೆಲ್ ಕೇಳಿದರೂ ಯಾರೂ ತಿರುಗಿ ನೋಡದಷ್ಟು ಗಿಜಿಗುಡುವ ಊರಿನಲ್ಲಷ್ಟೇ ಈ ಕೊಲೆ ನಡೆದೀತು. ಹಳ್ಳಿಯಲ್ಲಿ ಹೊಸಬನೊಬ್ಬ ಸೈಕಲ್ ಏರಿ ಬಂದರೆ ಸಂಜೆಯೊಳಗೆ ಅವನ ಕುಲಗೋತ್ರವೆಲ್ಲ ಬಯಲು.

'ಸತ್ಯಾನ್ವೇಷಿ'ಯ ಮೆಸ್ಸೂ ಅಂಥದ್ದೇ. ಊಟ, ವಸತಿ ಎರಡೂ ಸಿಗುವ ಆ ಮನೆಯಲ್ಲಿ ಎಲ್ಲೆಲ್ಲಿಂದಲೋ ಬಂದ ಗಂಡಸರು ಒಂದೇ ಸೂರಿನಡಿ ಇರುತ್ತಾರೆ. ಬ್ಯೋಮಕೇಶ್ ಸುಳ್ಳು ಹೆಸರು ಹೇಳಿ ಸೇರಿಕೊಂಡರೂ ಕೇಳುವವರಿಲ್ಲ. 'ಆದಿಮ ರಿಪು'ವಿನಲ್ಲಿ ಕಾಳಿಪೂಜೆಯ ಪಟಾಕಿ ಸದ್ದಿನಲ್ಲಿ ಗುಂಡಿನ ಸದ್ದು ಮುಚ್ಚಿಹೋಗುತ್ತದೆ.

ಇದೆಲ್ಲ ಹಳೇ ಕಾಲದ ಮೋಹ, ಟ್ರಾಮು ಪಂಚೆಗಳ ವ್ಯಾಮೋಹ ಎಂಬ ಆಕ್ಷೇಪ ಬರುತ್ತದೆ. ಒಂದಿಷ್ಟು ನಿಜ, ಧಾರಾವಾಹಿಯ ಮಟ್ಟಿಗಂತೂ. ಆದರೆ ಟ್ರಾಮನ್ನು ಅಲಂಕಾರಕ್ಕೆ ತಂದು ನಿಲ್ಲಿಸುವುದೇ ಬೇರೆ, ಅಪರಾಧವೇ ಬೀದಿಯ ರೀತಿನೀತಿಯಿಂದ ಹುಟ್ಟುವುದೇ ಬೇರೆ. ಶರದಿಂದು 1938ರಲ್ಲಿ ಸಿನಿಮಾ ಬರೆಯಲು ಬೊಂಬಾಯಿಗೆ ಹೋದರು, ಆಮೇಲೆ ಪುಣೆಯಲ್ಲಿ ನೆಲೆಸಿದರು. ಬಹಳ ವರ್ಷ ಬಿಟ್ಟು 1951ರ ಹೊತ್ತಿಗೆ ಬ್ಯೋಮಕೇಶನನ್ನು ಮತ್ತೆ ಎಬ್ಬಿಸಿದಾಗ ಅವರು ಕಲ್ಕತ್ತದ ನಿವಾಸಿಯಲ್ಲ. ಮೋಹ ಉಕ್ಕಿ ಹರಿಯಲು ಅದಕ್ಕಿಂತ ಒಳ್ಳೇ ನೆಪ ಬೇಕೇ? ಆದರೂ ಅವರು ಬರೆದದ್ದು ಗಲಭೆ, ಕಾಳಸಂತೆ, ದುಡ್ಡಿನ ಹಸಿವು.

ಊರಾಚೆಯ ಕಥೆಗಳು ಕಳಪೆಯೆಂದಲ್ಲ. 'ದುರ್ಗರಹಸ್ಯ'ದ ಹಳೇ ಕೋಟೆ, ಬಚ್ಚಿಟ್ಟ ನಿಧಿ ಮೊದಲ ಓದಿಗೆ ಭರ್ಜರಿಯಾಗಿವೆ. ಆದರೆ ಆ ಕೋಟೆಯನ್ನು ಎತ್ತಿ ಚಿತ್ರದುರ್ಗದಲ್ಲಿಟ್ಟರೂ ಕಥೆ ಅಲುಗಾಡುವುದಿಲ್ಲ; ಅದನ್ನು ನಾನು ಎರಡನೇ ಸಲ ಕೈಗೆತ್ತಿಕೊಳ್ಳದಿರುವುದು ಅದಕ್ಕೇ.