ಪೆಟಗಿ ಬರೂತನಕ ಕಾಯಬೇಡಿ ಸ್ವಾಮೀ..

ಮೊನ್ನೆ ಹರಿಹರದ ಗೆಳೆಯನೊಬ್ಬ ಹೊಳೆ ದಾಟಿ ನಮ್ಮ ಕುಮಾರಪಟ್ಟಣಕ್ಕೆ ಬಂದಿದ್ದ. ನನ್ನ 'ಸ್ಟುಡಿಯೋ' (ಅಂದರೆ ಮಲಗುವ ಕೋಣೆ, ಒಂದು ಮೈಕು, ಒಂದು ಯುಎಸ್‌ಬಿ ಇಂಟರ್‌ಫೇಸು, ಒಂದು ಹಳೇ ಲ್ಯಾಪ್‌ಟಾಪು) ನೋಡಿದವನೇ ಕೇಳಿದ, "ಪ್ರೀಆಂಪ್ ಎಲ್ಲೈತಿ?" ಬೇರೆ ಇಲ್ಲಪ್ಪಾ, ಇಂಟರ್‌ಫೇಸಿನೊಳಗೇ ಇದೆ ಅಂದೆ. ಮುಖ ಹುಳ್ಳಗೆ ಮಾಡಿದ. "ಅದರಾಗ ದನಿ ತೆಳ್ಳಗ ಬರ್ತೈತಲೇ.."

ಅವನು ಕಂತಿನ ಮೇಲೆ ಪ್ರೀಆಂಪ್ ತಗೊಂಡಿದ್ದಾನೆ, ಕಂಪ್ರೆಸರ್ ತಗೊಂಡಿದ್ದಾನೆ. ಎರಡು ವರ್ಷ ಆಯ್ತು. ಹಾಡು? ಒಂದೂ ಮುಗಿದಿಲ್ಲ!

ಅವತ್ತಿನಿಂದ ತಲೆಯೊಳಗೆ ಕೊರೀತಾ ಇರೋದನ್ನ ಇಲ್ಲಿ ಕಾರಿಕೊಳ್ತಾ ಇದ್ದೀನಿ. ಬೈಯೋರು ಪೂರ್ತಿ ಓದಿ ಬೈಯಿರಿ.

ಗೊತ್ತಿಲ್ಲದವರಿಗೆ ಒಂದು ಮಾತು. ಮೈಕಿನಿಂದ ಬರೋ ಸಿಗ್ನಲ್ಲು ಕೆಲವೇ ಮಿಲಿವೋಲ್ಟು. ಅದನ್ನ ರೆಕಾರ್ಡ್ ಮಾಡೋ ಮಟ್ಟಕ್ಕೆ ಎತ್ತೋದು ಪ್ರೀಆಂಪಿನ ಕೆಲಸ. ಎತ್ತುವಾಗ ತನ್ನದೂ ಒಂಚೂರು 'ಸ್‌ಸ್‌ಸ್' ಸೇರಿಸುತ್ತೆ. ದುಬಾರಿ ಪೆಟ್ಟಿಗೆ ಮಾರೋರು ಹೆದರಿಸೋದು ಇದನ್ನೇ ತೋರಿಸಿ.

ಲೆಕ್ಕ ನೋಡೋಣ. ಇವತ್ತಿನ ಸಾಮಾನ್ಯ ಇಂಟರ್‌ಫೇಸುಗಳಲ್ಲೂ ಈ ಗದ್ದಲ ಸುಮಾರು -128 ಡಿಬಿಯು ಇರುತ್ತೆ. 150 ಓಮ್‌ನ ಬರೀ ಒಂದು ರೆಸಿಸ್ಟರ್ ಸುಮ್ಮನೆ ಕೂತಿದ್ದರೂ ಸುಮಾರು -131 ಡಿಬಿಯು ಗದ್ದಲ ಮಾಡುತ್ತೆ. ಅದು ಪ್ರಕೃತಿ ಹಾಕಿದ ಗೆರೆ, ಲಕ್ಷ ರೂಪಾಯಿ ಸುರಿದರೂ ದಾಟೋಕಾಗಲ್ಲ. ಅಂದರೆ ನೀವು ಬಡಿದಾಡ್ತಿರೋದು ಮೂರು ಡೆಸಿಬೆಲ್‌ಗೆ!

ಈಗ ಕೋಣೆಗೆ ಬನ್ನಿ. ಫ್ಯಾನ್ ಆರಿಸಿ, ಕಿಟಕಿ ಹಾಕಿ, ರಾತ್ರಿ ಹನ್ನೊಂದಕ್ಕೆ ನನ್ನ ಕೋಣೆ ಅಳೆದೆ. 36 ಡೆಸಿಬೆಲ್. ಹೆದ್ದಾರಿಯ ಲಾರಿ, ಸೇತುವೆ ಮೇಲಿನ ರೈಲು, ಪಕ್ಕದ ಮನೆ ಟಿವಿ ಎಲ್ಲ ಸೇರಿ. ನನ್ನ ಅಗ್ಗದ ಕಂಡೆನ್ಸರ್ ಮೈಕಿನ ಸ್ವಂತ ಗದ್ದಲ 20. ಆ ಮೈಕಿನ ಹಿಂದೆ ಕೂತ ಪ್ರೀಆಂಪಿನ ಗದ್ದಲವನ್ನ ಅದೇ ಅಳತೆಗೆ ಇಳಿಸಿದರೆ ಒಂದೋ ಎರಡೋ ಡೆಸಿಬೆಲ್ ಅಷ್ಟೇ. ಸಂತೆಯಲ್ಲಿ ನಿಂತು ಸೊಳ್ಳೆ ಗುಂಯ್‌ಗುಡೋದಕ್ಕೆ ಕಿವಿ ಮುಚ್ಚಿಕೊಂಡ ಹಾಗಾಯ್ತು.

ಹಾಗಾದರೆ ಏನು ಮಾಡಬೇಕು? ಹಾಡೋರ ಹಿಂದೆ, ಪಕ್ಕದಲ್ಲಿ ಅವ್ವ ಹೊಲಿದ ಕೌದಿ ಇಳಿಬಿಡಿ. ಗೋಡೆಗೆ ಅಂಟಿಸಬೇಡಿ, ಒಂದು ಗೇಣು ಬಿಟ್ಟು ಕಟ್ಟಿ. ಮೂಲೆಗೆ ಹತ್ತಿಯ ಗಾದಿ ಎತ್ತಿ ನಿಲ್ಲಿಸಿ. ಮೈಕನ್ನ ಒಂದು ಗೇಣು ಹತ್ತಿರ ತನ್ನಿ. ದೂರ ಅರ್ಧ ಆದರೆ ದನಿ ಸುಮಾರು 6 ಡೆಸಿಬೆಲ್ ಏರುತ್ತೆ, ಕೋಣೆಯ ಗದ್ದಲ ಇದ್ದಲ್ಲೇ ಇರುತ್ತೆ. ಖರ್ಚು ಸೊನ್ನೆ.

ಇನ್ನು ಕಂಪ್ರೆಸರ್. 16 ಬಿಟ್ ಕಾಲದಲ್ಲಿ ಲೆವೆಲ್ ಮೇಲೇ ಇಡಬೇಕಿತ್ತು, ಹಾಗಾಗಿ ರೆಕಾರ್ಡ್ ಮಾಡುವಾಗಲೇ ಅದುಮಿಡೋದಕ್ಕೆ ಅರ್ಥ ಇತ್ತು. ಈಗ 24 ಬಿಟ್. ಆರಾಮಾಗಿ ಕೆಳಗೆ ರೆಕಾರ್ಡ್ ಮಾಡಿ, ಆಮೇಲೆ ಎತ್ತಿಕೊಳ್ಳಿ. ಪೆಟ್ಟಿಗೆಯಲ್ಲಿ ಒಮ್ಮೆ ಹಿಸುಕಿದ ದನಿಯನ್ನ ಮತ್ತೆ ಮೊದಲಿನಂತೆ ಮಾಡೋಕಾಗಲ್ಲ. ಸಾಫ್ಟ್‌ವೇರಿನಲ್ಲಿ ಹಿಸುಕಿದರೆ ನಾಳೆ ಬಿಡಿಸಬಹುದು.

ನನ್ನ ಗೆಳೆಯನ ಕಥೆ ಇನ್ನೂ ಮಜಾ. ಪ್ರೀಆಂಪಿನ ವಯರನ್ನ ಇಂಟರ್‌ಫೇಸಿನ ಮೈಕ್ ಇನ್‌ಪುಟ್ಟಿಗೇ ಚುಚ್ಚಿದ್ದ! ಲೈನ್ ಇನ್‌ಪುಟ್ಟಿಗೆ ಹಾಕಬೇಕು. ಇಲ್ಲದಿದ್ದರೆ ಯಾವ ಅಗ್ಗದ ಪ್ರೀಆಂಪ್ ಬೇಡ ಅಂತ ಸಾಲ ಮಾಡಿದಿರೋ, ಅದರೊಳಗೇ ಮತ್ತೆ ಹಾಯ್ದು ಹೋಗುತ್ತೆ. ಮೇಲೆ ಎರಡೆರಡು ಪ್ಲಗ್ಗು, ನೆಟ್ಟಗಿಲ್ಲದ ಅರ್ಥಿಂಗು, ಐವತ್ತು ಹರ್ಟ್ಜ್‌ನ 'ಹೂಂ' ಬೇರೆ.

ಪೆಟ್ಟಿಗೆ ಯಾರಿಗೂ ಬೇಡ ಅಂತಲ್ಲ. ರಿಬ್ಬನ್ ಮೈಕು, ಶೂರ್ ಎಸ್‌ಎಂ7ಬಿ ಥರದ ಮಂದ ಮೈಕುಗಳಿಗೆ 60 ಡೆಸಿಬೆಲ್ ಎತ್ತುವಿಕೆ ಬೇಕು, ಕೆಲವು ಇಂಟರ್‌ಫೇಸುಗಳು ಅಲ್ಲಿ ಸೋಲ್ತವೆ. ನೀವ್ 1073 ಥರದ ಪೆಟ್ಟಿಗೆಗೆ ತನ್ನದೇ ಬಣ್ಣ ಇದೆ, ಒಪ್ತೀನಿ. ದಿನಾ ಹತ್ತು ಜನ ಹಾಡಿ ದುಡ್ಡು ಕೊಡೋ ಜಾಗದಲ್ಲಿ ತಗೊಳ್ಳಿ. ಬಣ್ಣ ಬಳಿಯೋಕೆ ಮೊದಲು ಗೋಡೆ ಇರಬೇಕಲ್ವಾ?

ಇಷ್ಟು ಸಿಟ್ಟು ಯಾಕೆ ಅಂದರೆ, ನಾನೂ ಹಿಂಗೇ ಕಾಯ್ತಾ ಕೂತಿದ್ದೆ. ನಮ್ಮ ಓಣಿಯಲ್ಲಿ ತತ್ವಪದ ಹಾಡೋ ಅಜ್ಜ ಒಬ್ಬರಿದ್ದರು. ಏಕತಾರಿ ಹಿಡಿದರೆ ಶ್ರಾವಣದ ಭಜನೆಗೆ ಓಣಿಗೆ ಓಣಿಯೇ ಬರ್ತಿತ್ತು. "ಛಲೋ ಪ್ರೀಆಂಪ್ ಬರ್ಲಿ ಅಜ್ಜಾ, ನಿಮ್ಮ ಪದ ಎಲ್ಲಾ ಹಿಡಿಯೂಣು" ಅಂತಿದ್ದೆ. ಅಜ್ಜ ನಗ್ತಿದ್ದರು. "ತಮ್ಮಾ, ಪೆಟಗಿ ಬರೂತನಕ ಈ ಗಂಟಲಾ ಕಾಯ್ತೈತೇನೋ?"

ಕಾಯಲಿಲ್ಲ. ಮುಂದಿನ ಶ್ರಾವಣಕ್ಕೆ ಅಜ್ಜ ಇರಲಿಲ್ಲ. ಈಗ ಉಳಿದಿರೋದು ಅವರ ಮೊಮ್ಮಗಳ ಮೊಬೈಲಿನ ನಲವತ್ತು ಸೆಕೆಂಡು. ನಡುವೆ ಬಸ್ಸಿನ ಹಾರ್ನು ಬರುತ್ತೆ. ಆ ಹುಡುಗಿ ಒಂದು ದಿನವೂ "ವಾರ್ಮ್‌ತ್ ಇಲ್ಲ" ಅಂದಿಲ್ಲ.

ನಮ್ಮ ಜಿಲ್ಲೆಯವರೇ ಆದ ಶಿಶುನಾಳ ಷರೀಫರು ತೀರಿಕೊಂಡಿದ್ದು 1889ರಲ್ಲಿ. ಎಡಿಸನ್ನನ ಫೋನೋಗ್ರಾಫ್ 1877ರಲ್ಲೇ ಬಂದಿತ್ತು, ಆದರೆ ಶಿಶುವಿನಹಾಳಕ್ಕೆ ಬರಲಿಲ್ಲ. ಅವರ ಪದಗಳು ಉಳಿದವು, ದನಿ ಹೋಯ್ತು. 1902ರಲ್ಲಿ ಗೌಹರ್ ಜಾನ್ ಹಾಡನ್ನ ಫ್ರೆಡ್ ಗೈಸ್‌ಬರ್ಗ್ ಹಿಡಿದದ್ದು ಕಲ್ಕತ್ತೆಯ ಹೋಟೆಲ್ ಕೋಣೆಯಲ್ಲಿ. ಮೈಕಿಲ್ಲ, ಪ್ರೀಆಂಪ್ ಅಂತೂ ಇಲ್ಲವೇ ಇಲ್ಲ, ಒಂದು ತುತ್ತೂರಿ ಅಷ್ಟೇ. ಇವತ್ತಿಗೂ ಕೇಳ್ತೀವಿ.

ಷರೀಫರ ಕಾಲಕ್ಕೆ ಯಂತ್ರ ಇಲ್ಲಿಗೆ ಬಂದಿರಲಿಲ್ಲ. ನಮ್ಮ ಕೈಯಲ್ಲೇ ಇದೆ, ನಮಗೇನು ರೋಗ?

ನಿಮ್ಮ ಊರಲ್ಲೂ ಅಂಥ ಒಬ್ಬ ಅಜ್ಜನೋ ಅಜ್ಜಿಯೋ ಇದ್ದೇ ಇರ್ತಾರೆ. ಈ ಭಾನುವಾರ ಕೌದಿ ಕಟ್ಟಿ, ಚಹಾ ಕೊಡಿ, ಕೆಂಪು ಗುಂಡಿ ಒತ್ತಿ. ಪೆಟ್ಟಿಗೆ ಆಮೇಲೆ ನೋಡೋಣ.

ಏನಂತೀರಿ?