ಮಕ್ಕಳ ವ್ಯಾಕರಣ ಬರೆದ ಮಹಾವಿದ್ವಾಂಸರು

ಶಾಲೆಯೊಂದರ ಚರಿತ್ರೆಯನ್ನು ಬರೆಯಹೊರಟವರಿಗೆ ಕಟ್ಟಡದ ಶಂಕುಸ್ಥಾಪನೆಯೂ ದಾನಿಗಳ ನಾಮಾವಳಿಯೂ ಮೊದಲು ಕಣ್ಣಿಗೆ ಬೀಳುವುದು ಸಹಜ. ಅವು ಸ್ಮರಣೀಯವೂ ಹೌದು. ಆದರೆ ಅಧ್ಯಾಪಕನ ದುಡಿಮೆ ಕಲ್ಲಿನಲ್ಲಿ ಕೆತ್ತುವಂಥದಲ್ಲ. ಅದು ಶಿಷ್ಯರ ನಡೆನುಡಿಗಳಲ್ಲಿ ಉಳಿಯತಕ್ಕದ್ದು.

ಇದಕ್ಕೆ ನಿದರ್ಶನವನ್ನು ದೂರದಲ್ಲಿ ಅರಸಬೇಕಾಗಿಲ್ಲ. ಶೆಟ್ಟಿಕೆರೆಯಿರುವ ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿಯೇ ತೀರ್ಥಪುರವಿದೆ. ಆ ಊರಿನ ಹೆಸರನ್ನು ತಮ್ಮ ಹೆಸರಿನ ಮೊದಲಕ್ಷರವಾಗಿ ಹೊತ್ತವರು ತೀ.ನಂ. ಶ್ರೀಕಂಠಯ್ಯನವರು (೧೯೦೬-೧೯೬೬). ಅಲಂಕಾರಶಾಸ್ತ್ರವನ್ನು ತಿಳಿಗನ್ನಡದಲ್ಲಿ ನಿರೂಪಿಸಿದ ‘ಭಾರತೀಯ ಕಾವ್ಯಮೀಮಾಂಸೆ’ ೧೯೫೩ರಲ್ಲಿ ಪ್ರಕಟವಾಯಿತು. ವಿದ್ವಲ್ಲೋಕ ಅವರನ್ನು ಕೊಂಡಾಡುವುದು ಮುಖ್ಯವಾಗಿ ಆ ಗ್ರಂಥಕ್ಕಾಗಿ. ವಿದ್ಯಾರ್ಥಿಗಳಿಗಾಗಿ ಅವರೇ ಬರೆದ ‘ಕನ್ನಡ ಮಧ್ಯಮ ವ್ಯಾಕರಣ’ದ ಹೆಸರು ಪ್ರಶಂಸೆಯ ಕೊನೆಯ ಸಾಲಿಗೆ ಸರಿಯುತ್ತದೆ.

ಈ ತಾರತಮ್ಯ ಸಲ್ಲದು. ಮೀಮಾಂಸೆಯನ್ನು ಓದುವವನು ಭಾಷೆಯನ್ನು ಆಗಲೇ ಕಲಿತವನು. ವ್ಯಾಕರಣವನ್ನು ಕೈಗೆತ್ತಿಕೊಂಡ ಬಾಲಕನು ಇನ್ನೂ ಕಲಿಯತಕ್ಕವನು. ಅವನಿಗಾಗಿ ಬರೆಯುವಾಗ ಪಾಂಡಿತ್ಯವನ್ನು ಮೆರೆಯಿಸುವಂತಿಲ್ಲ, ಅಡಗಿಸಬೇಕು. ಬಲ್ಲವರಿಗೆ ಇದಕ್ಕಿಂತ ಕಠಿನವಾದ ತ್ಯಾಗವಿಲ್ಲ. ಪರರ ಕೃತಿಗೆ ತಮ್ಮ ಶ್ರಮವನ್ನು ಧಾರೆಯೆರೆಯುವುದೂ ಇಂಥದೇ. ಅವರ ಮಾರ್ಗದರ್ಶನದಲ್ಲಿ ಎಂ. ಚಿದಾನಂದಮೂರ್ತಿಯವರು ಸಿದ್ಧಪಡಿಸಿದ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ೧೯೬೬ರಲ್ಲಿ ಅಚ್ಚಾಯಿತು. ಗುರುಗಳು ಅಗಲಿದ ವರ್ಷವೇ ಶಿಷ್ಯರ ಗ್ರಂಥ ನಾಡಿಗೆ ಲಭಿಸಿತು. ಗುರುಗಳ ದುಡಿಮೆ ಅಲ್ಲಿಗೆ ನಿಲ್ಲಲಿಲ್ಲ.

ವ್ಯಾಕರಣವು ಒಣಶಾಸ್ತ್ರ, ಅಂಕ ಗಳಿಸುವುದಕ್ಕಷ್ಟೇ ಸಾಕು ಎಂಬ ಮಾತು ಇಂದು ಶಾಲೆಗಳಲ್ಲಿಯೂ ಕೇಳಿಬರುತ್ತಿದೆ. ಸೂತ್ರಗಳನ್ನು ಬಾಯಿಪಾಠ ಮಾಡಿಸಿ ಕೈತೊಳೆದುಕೊಳ್ಳುವ ಬೋಧನೆಯೇ ಈ ಅನಾದರಕ್ಕೆ ಕಾರಣವೆಂದು ಒಪ್ಪಬೇಕು. ತೆಂಗಿನ ಸೀಮೆಯ ಮಗು ದಿನವೂ ‘ಎಳನೀರು’ ಎನ್ನುತ್ತದೆ. ‘ಎಳೆಯದು’, ‘ನೀರು’ ಎಂಬ ಎರಡು ಪದಗಳು ಕೂಡಿ ಈ ಕರ್ಮಧಾರಯವಾಯಿತೆಂದು ತೋರಿಸಿಕೊಟ್ಟರೆ ಅದರ ಕಣ್ಣು ಅರಳದೆ ಇರದು. ಅದನ್ನು ತೋರಿಸಬಲ್ಲ ಅಧ್ಯಾಪಕ ಬೇಕು. ತೋರಿಸುವಷ್ಟು ವ್ಯವಧಾನವನ್ನು ಅವನಿಗೆ ಒದಗಿಸುವ ಶಾಲೆ ಬೇಕು.

ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಕೊಠಡಿಗಳನ್ನು ಕಟ್ಟಿಸಲಿ. ಅದರೊಡನೆ ಗ್ರಂಥಭಂಡಾರಕ್ಕೂ ಭಾಷಾಬೋಧನೆಗೂ ಒಂದು ಪಾಲನ್ನು ಮೀಸಲಿಡಲಿ. ತೆಂಗಿನ ಸಸಿಯನ್ನು ನೆಟ್ಟವನು ವರ್ಷಗಟ್ಟಲೆ ನೀರೆರೆಯುತ್ತಾನೆ. ಹೊಂಬಾಳೆ ಒಡೆಯುವ ಮುನ್ನ ಲಾಭವನ್ನು ಎಣಿಸುವುದಿಲ್ಲ. ಈ ಸೀಮೆಯವರಿಗೆ ಆ ತಾಳ್ಮೆಯನ್ನು ಯಾರೂ ಕಲಿಸಬೇಕಾಗಿಲ್ಲ. ತೋಟದಲ್ಲಿರುವ ತಾಳ್ಮೆ ಪಾಠಶಾಲೆಯಲ್ಲಿಯೂ ಇರಬೇಕು, ಅಷ್ಟೆ.